ಹಾಲಿಲ್ಲದ ಕೇಕು, ಹೊರಗಿನ ಚಿಲಕ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬೇಕರಿಯಮ್ಮನ ಬಲಗೈ ಬಾಗಿಲ ಹಲಗೆಯ ಮೇಲಿತ್ತು. ಆ ಕೈಯಲ್ಲಿ ಮೊಳಕೈವರೆಗೆ ಒಂದು ಕೂದಲೂ ಇರಲಿಲ್ಲ. ವರ್ಷಗಟ್ಟಲೆ ಒಲೆಯ ಬಾಯಿಗೆ ಕೈ ಹಾಕಿ ತೆಗೆದು ಚರ್ಮ ಹುರಿದ ಕಡಲೆಯ ಬಣ್ಣಕ್ಕೆ ತಿರುಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಆ ಕೈ ಬಾಗಿಲನ್ನು ತಳ್ಳಿತು. ಬಾಗಿಲು ಅಲುಗಲಿಲ್ಲ. ಮತ್ತೆ ತಳ್ಳಿತು. ಆಮೇಲೆ ಅವಳು ನನ್ನ ಕಡೆ ತಿರುಗಿ, ಬ್ರೆಡ್ಡಿನ ತಳ ಸ್ವಲ್ಪ ಸೀದಿದೆ ಅನ್ನುವಾಗಿನ ದನಿಯಲ್ಲೇ, "ಒರಗಿಂದ ಚಿಲಕ ಆಕ್ಬುಟ್ಟವ್ರೆ ಕಣಮ್ಮಿ" ಅಂದಳು.

ನಾನು ಗಡಿಯಾರ ನೋಡಿಕೊಂಡೆ. ಯಾಕೆ ನೋಡಿದೆನೋ ಗೊತ್ತಿಲ್ಲ. ಬಿ.ಎ. ಪಾಸಾದಾಗ ಅಪ್ಪ ಕೊಡಿಸಿದ್ದ ಕೈಗಡಿಯಾರ ಅದು. ಈಗಲೂ ಮಧ್ಯಾಹ್ನದ ಆ ಹೊತ್ತು ಬಂದರೆ ಎಲ್ಲೇ ಕೂತಿರಲಿ, ಹತ್ತಿರದ ಬಾಗಿಲು ತೆರೆದಿದೆಯೇ ಎಂದು ಒಂದು ಸಲ ಎದ್ದು ನೋಡಿ ಬರುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ನಾನು ಚಾಮರಾಜನಗರದವಳು. ಮೈಸೂರಿನಲ್ಲಿ ಓದು ಮುಗಿಸಿ ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಮೇಷ್ಟರಾಗಿ ಹೋಗಿದ್ದೆ. ಒಂಟಿ ಹೆಂಗಸಿಗೆ ಮನೆ ಕೊಡುವವಳು ಆ ಊರಲ್ಲಿ ಬೇಕರಿಯಮ್ಮ ಒಬ್ಬಳೇ. ಊಟಿ ರಸ್ತೆಯಲ್ಲಿ ಅವಳ ಬೇಕರಿ, ಬೇಕರಿಯ ಹಿಂದೆ ಒಂದು ಕೋಣೆ. ಆ ಕೋಣೆಗೆ ಹೋಗಬೇಕಾದರೂ ಬರಬೇಕಾದರೂ ಅವಳ ಒಲೆಯ ಮುಂದೆಯೇ ದಾರಿ. ನಾನು ಅವಳನ್ನು ಅವ್ವಾ ಅಂತ ಕರೆಯುತ್ತಿದ್ದೆ. ನಾಲ್ಕು ಜನರೆದುರು ಅವಳಿಗೆ ನಾನು ಮೇಷ್ಟ್ರಮ್ಮ, ಇಬ್ಬರೇ ಇದ್ದಾಗ ಬರೀ ಅಮ್ಮಿ.

ಅವಳ ಹುಟ್ಟೂರು ಚಂದಕವಾಡಿ. ಕೂಲಿಯವರ ಮನೆ. ಗಂಡ ಸತ್ತ ಮೇಲೆ ಟೀ ಎಲೆ ಬಿಡಿಸಲು ಹೊರಟ ಗುಂಪಿನ ಜೊತೆ ನೀಲಗಿರಿ ಹತ್ತಿದವಳು, ಒಬ್ಬ ದೊರೆಯ ಬಂಗಲೆಯಲ್ಲಿ ಪಾತ್ರೆ ತೊಳೆಯಲು ಸೇರಿದಳು. ದೊರೆಸಾನಿ ಕೇಕು ಮಾಡುವಾಗ ಪಕ್ಕದಲ್ಲಿ ನಿಂತು ನಿಂತು, ಕಡೆಗೆ ದೊರೆಸಾನಿಯೇ ಪಕ್ಕಕ್ಕೆ ಸರಿದು ನಿಲ್ಲುವಂತಾಯಿತಂತೆ. ಅವರು ತಮ್ಮ ದೇಶಕ್ಕೆ ಹಡಗು ಹತ್ತಿದ ಮೇಲೆ ಇವಳು ಬಸ್ಸು ಹತ್ತಿ ಗುಂಡ್ಲುಪೇಟೆಯಲ್ಲಿ ಇಳಿದಳು. ಚಿಟಿಕೆ ಹಿಟ್ಟು ಒಲೆಯೊಳಗೆ ಎರಚಿ ಅದು ಕಂದುವ ವೇಗ ನೋಡಿ ಶಾಖ ಹೇಳುವಳು. ಬ್ರೆಡ್ಡನ್ನು ಬೋರಲು ಹಾಕಿ, ಬೆರಳಗೆಣ್ಣಿನಿಂದ ತಟ್ಟಿ, ಕಿವಿ ಇಟ್ಟು ಕೇಳುವಳು. "ಎಲ್ಲಾನೂ ಬೇಯ್ತದೆ. ಕಾಯೋಕೆ ಬರ್ಬೇಕು" ಅನ್ನುವುದು ಅವಳ ಮಾತು.

ಮರೆಯುವುದು ಅವಳ ಜಾಯಮಾನದಲ್ಲಿ ಇರಲಿಲ್ಲ. ವಯನಾಡಿನ ಕಡೆಗೆ ಹೋಗುವ ಒಬ್ಬ ಲಾರಿ ಡ್ರೈವರು ಒಮ್ಮೆ ಹತ್ತು ಜನರೆದುರು "ಇದು ನಿನ್ನೇದು" ಎಂದು ಅವಳ ಬಿಸಿ ಬನ್ನನ್ನು ಹೀಯಾಳಿಸಿದ್ದ. ಅವತ್ತಿನಿಂದ ಅವನು ಬಂದಾಗಲೆಲ್ಲ ನಿಜವಾಗಿಯೂ ನಿನ್ನೆಯದನ್ನೇ ಹುಡುಕಿ ಕೊಡುತ್ತಿದ್ದಳು. "ಇದೆಷ್ಟು ದಿನ ಅವ್ವಾ?" ಅಂದೆ. "ಅವ್ನು ಲಾರಿ ಮಾರೋಗಂಟ" ಅಂದಳು. ನಕ್ಕಿದ್ದೆ. ಮುಂದೆ ಆ ಗುಣವೇ ನನ್ನನ್ನು ಉಳಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಪಕ್ಕದ ಹಂಗಳ ಎಂಬ ಊರಲ್ಲಿ ಒಬ್ಬರು ಗೌಡ್ತಿ ಇದ್ದರು. ಶಿವಪೂಜೆಯ ಮನೆತನ, ನೂರಾರು ಎಕರೆ, ಊರಿನ ಅರ್ಧ ದನ ಅವರ ಹಟ್ಟಿಯವು. ಒಂದು ವರ್ಷ ದನಗಳಿಗೆ ದೊಡ್ಡರೋಗ ಬಂದು ಹಟ್ಟಿ ಖಾಲಿಯಾಯಿತು. ಉಳಿದದ್ದು ಒಂದೇ ಹಸು, ಅದರ ಕರುವೂ ಸತ್ತಿತು. ಆ ಹಸು ಕೆಚ್ಚಲಿಂದ ಹಾಲು ಸೋರಿಸಿಕೊಂಡು ಕರುವನ್ನು ಹುಡುಕುತ್ತಾ ಅಂಗಳ ಸುತ್ತಿದ್ದನ್ನು ನೋಡಿದ ದಿನ ಗೌಡ್ತಿ ಮಾದಪ್ಪನ ಹೆಸರು ಹಿಡಿದು ಹಾಲು ಬಿಟ್ಟರು. ಹಾಲು ಅಂದರೆ ಮೊಸರೂ ಹೋಯಿತು, ಬೆಣ್ಣೆ ತುಪ್ಪವೂ ಹೋಯಿತು. ಆಮೇಲೆ ಹಟ್ಟಿ ಮತ್ತೆ ತುಂಬಿತು, ಮನೆಯವರೆಲ್ಲ ಕುಡಿದರು, ಕೊಡಗಟ್ಟಲೆ ಹಾಲು ಗುಂಡ್ಲುಪೇಟೆಗೆ ಮಾರಾಟಕ್ಕೂ ಬಂತು. ಅವರು ಮಾತ್ರ ಮುಟ್ಟಲಿಲ್ಲ. "ಅದು ಮಗಿನ ಪಾಲು" ಅನ್ನುತ್ತಿದ್ದರು. ಮೊಟ್ಟೆ ಮಾಂಸವಂತೂ ಆ ಮನೆತನದ ಹೊಸಿಲೇ ದಾಟಿದ್ದಲ್ಲ.

ಮೈಸೂರಿನಲ್ಲಿ ಓದಿ ಬಂದ ಅವರ ಮಗನಿಗೆ ತನ್ನ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕೇಕು ಬೇಕಾಯಿತು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹಬ್ಬದ ದಿನ ಮನೆಯ ಹಿರಿಯರು ಬಾಯಿಗಿಡದ ತಿನಿಸನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಹಿಂದಿನ ವರ್ಷ ಅತ್ತೆ ತೀರಿಕೊಂಡ ಮೇಲೆ ಹಿರಿಯರು ಅಂದರೆ ಗೌಡ್ತಿ. ಹಾಗಾಗಿ ಕೇಕಿನಲ್ಲಿ ಮೊಟ್ಟೆ ಇರಬಾರದು, ಹಾಲು ಇರಬಾರದು, ಬೆಣ್ಣೆ ತುಪ್ಪದ ವಾಸನೆಯೂ ಇರಬಾರದು. ಅಲ್ಲಿಯವರೆಗೆ ಆ ಮನೆಯ ಸಮಾರಂಭಗಳಿಗೆ ಸಿಹಿ ಹೋಗುತ್ತಿದ್ದದ್ದು ನಮ್ಮ ಬೇಕರಿಯ ಎದುರುಸಾಲಿನ ಮಿಠಾಯಿ ಅಂಗಡಿಯಿಂದ. ಪೇಡ, ಹಾಲುಖೋವಾ ಮಾಡುವುದರಲ್ಲಿ ಆ ಸಾಹುಕಾರನದು ಎತ್ತಿದ ಕೈ. ಈ ಸಲ ಅವನನ್ನು ಬಿಟ್ಟು ಬೇಕರಿಯಮ್ಮನನ್ನು ಕೇಳಿದರು.

ಬೇಕರಿಯಮ್ಮ ಎರಡು ವಾರ ಮೊದಲೇ ಮೊಟ್ಟೆಯವನಿಗೆ ಬರಬೇಡ ಅಂದಳು. ಹೊಸ ತಗಡಿನ ಅಚ್ಚು ಮಾಡಿಸಿದಳು. ಒಂದಿಡೀ ದಿನ ಖಾಲಿ ಒಲೆಯಲ್ಲಿ ಹುಣಸೆ ಕೊರಡು ಉರಿಸಿ ಹಳೆಯದೆಲ್ಲ ಸುಟ್ಟುಹೋಗಲಿ ಅಂದಳು. ಗೌಡ್ತಿ ತಮ್ಮ ಬಾವಿಯ ನೀರನ್ನೇ ಹಿತ್ತಾಳೆ ಕೊಡಪಾನದಲ್ಲಿ ಗಾಡಿಯ ಮೇಲೆ ಕಳಿಸಿದರು.

"ಮೊಟ್ಟೆ ಏನ್ಮಾಡ್ತದೆ ಏಳು ನೋಡನ" ಎಂದು ನನ್ನನ್ನು ಕೇಳಿದಳು.

"ರುಚಿ ಕೊಡುತ್ತೆ."

"ಇಡ್ಕೊತದೆ, ಎತ್ತಿ ನಿಲ್ಲಿಸ್ತದೆ. ಎಲ್ಡು ಕೆಲ್ಸಾನೂ ಒಬ್ನೇ ಮಾಡೋ ಆಳು ಅದು. ಆ ಆಳು ಬರ್ನಿಲ್ಲ ಅಂದ್ರೆ ಇಬ್ರುನ್ನ ಕರೀಬೇಕು."

ಹಿಡಿದುಕೊಳ್ಳಲು ಬಾಳೆಹಣ್ಣನ್ನು ಕರೆದಳು, ಸಿಪ್ಪೆ ಕಪ್ಪಾಗುವಷ್ಟು ಕಳಿತದ್ದು. ಎತ್ತಿ ನಿಲ್ಲಿಸಲು ಸೋಡ ಮತ್ತು ನಿಂಬೆರಸ. ಹಾಲಿಗೆ ಬದಲು ತೆಂಗಿನಕಾಯಿಯ ಗಟ್ಟಿಹಾಲು, ಬೆಣ್ಣೆಗೆ ಬದಲು ಗಾಣದ ಕಡಲೆಕಾಯಿ ಎಣ್ಣೆ. ಕರೆದವರು ಯಾರೂ ಮೊದಲು ಮಾತು ಕೇಳಲಿಲ್ಲ. ಮೊದಲ ಕೇಕು ಚಪ್ಪಡಿ ಕಲ್ಲಾಗಿ ಬಂತು. "ಇದರ್ಮೇಲೆ ಕಾರ ಅರೀಬೋದು" ಅಂದಳು. ಸೋಡ ಹೆಚ್ಚು ಹಾಕಿದಾಗ ಸಾಬೂನಿನ ರುಚಿ ಬಂತು. "ಬಟ್ಟೆ ಒಗಿ ಓಗು" ಎಂದು ನನ್ನ ಕೈಗೆ ಕೊಟ್ಟಳು. ಒಂದು ಮೇಲೆದ್ದು, ನಡುವೆ ಕುಸಿದು, ಹಣ್ಣಿನ ಅಂಟಾಗಿ ಕೂತಿತು. ಕಡೆಗೆ ಅವಳಿಗೆ ಯುದ್ಧದ ಕಾಲ ನೆನಪಾಯಿತು. ಬಂಗಲೆಗೆ ಮೊಟ್ಟೆ, ಬೆಣ್ಣೆ ಸರಿಯಾಗಿ ಸಿಗದಿದ್ದಾಗ ದೊರೆಸಾನಿ ಒಣದ್ರಾಕ್ಷಿಯನ್ನು ಸಕ್ಕರೆ ನೀರಲ್ಲಿ ಕುದಿಸಿ, ಆ ರಸದಲ್ಲೇ ಹಿಟ್ಟು ಕಲಸುತ್ತಿದ್ದಳಂತೆ. ಇವಳು ಬೆಲ್ಲದಲ್ಲಿ ಕುದಿಸಿದಳು, ಪೂರ್ತಿ ತಣಿಸಿದಳು, ತೆಂಗಿನಹಾಲನ್ನು ಅರ್ಧಕ್ಕಿಳಿಸಿದಳು. ಮೊದಲೇ ಹಿಂಡುತ್ತಿದ್ದ ನಿಂಬೆಯನ್ನು ಕಟ್ಟಕಡೆಗೆ ಹಿಂಡಿ, ನೊರೆ ಏಳುವಷ್ಟರಲ್ಲಿ ಒಲೆಗೆ ತಳ್ಳಿದಳು. "ಉಬ್ಬು ಯಾರ್ಗೂ ಕಾಯಾಕಿಲ್ಲ ಕಣಮ್ಮಿ." ಆ ಸಲ ಒಲೆಯಿಂದ ಬಂದದ್ದನ್ನು ಬೆರಳಿಂದ ಒತ್ತಿದರೆ ಕುಳಿ ಬಿದ್ದು ಮತ್ತೆ ಮೇಲೆದ್ದಿತು. ಅವಳು ಒಲೆಯ ಮುಂದೆಯೇ ಕೂತುಬಿಟ್ಟಳು. ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶುಕ್ರವಾರ ಹಂಗಳದ ದೊಡ್ಡಮನೆಯಲ್ಲಿ ಗೌಡ್ತಿ ಆ ಕೇಕಿನ ಚೂರನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಮನೆತುಂಬ ನೆಂಟರು ಅವರ ಬಾಯನ್ನೇ ನೋಡುತ್ತಿದ್ದರು.

"ಇದ್ರಲ್ಲಿ ಯಾವ ಮಗಿನ ಪಾಲೂ ಇಲ್ವಲ್ಲ?" ಎಂದು ಕೇಳಿದರು.

"ಇಲ್ಲ ಕಣವ್ವಾ. ಬಾಳೆಗಿಡದ್ದು ಅಷ್ಟೇಯ" ಅಂದಳು ಬೇಕರಿಯಮ್ಮ.

ಗೌಡ್ತಿ ಇನ್ನೊಂದು ಚೂರು ತೆಗೆದುಕೊಂಡರು. ಅಷ್ಟಾದ ಮೇಲೆ ನೆಂಟರ ಕೈಗಳನ್ನು ತಡೆಯುವವರಿರಲಿಲ್ಲ.

ಮರುದಿನ ಶನಿವಾರ. ಶಾಲೆ ಅರ್ಧ ದಿನ. ನಾನು ಊಟ ಮಾಡಿ ಒಲೆಯ ಪಕ್ಕ ಓದುತ್ತಾ ಕೂತಿದ್ದೆ. ಹೊರಗೆ ಗದ್ದಲ ಕೇಳಿಸಿತು. ನಮ್ಮ ಬಾಗಿಲ ಮುಂದಿನ ಬೂದಿಗುಡ್ಡೆಯಲ್ಲಿ ಯಾರೋ ಮೊಟ್ಟೆಚಿಪ್ಪುಗಳನ್ನು ಸುರಿದಿದ್ದರು. ಇಪ್ಪತ್ತು ಮೂವತ್ತು ಜನ ಸೇರಿದ್ದರು. ಅವರಲ್ಲಿ ಹಿಂದಿನ ದಿನ ಕೇಕು ತಿಂದಿದ್ದ ನೆಂಟರೂ ಇದ್ದರು. ಲಿಂಗ ಕಟ್ಟಿದವರ ಬಾಯಿಗೆ ಮೊಟ್ಟೆ ಇಟ್ಟಳು ಎಂಬ ಕೂಗು. ಅವರ ನೋವು ನನಗೆ ಅರ್ಥವಾಗುತ್ತಿತ್ತು. ಆ ನೋವನ್ನು ಯಾರೋ ಕೈಯಾರೆ ಮಾಡಿ ಕೊಟ್ಟಿದ್ದಾರೆ ಎಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕಲ್ಲು ಬಿತ್ತು. ಬೇಕರಿಯಮ್ಮ ಬಾಗಿಲು ಹಾಕಿದಳು. ಸ್ವಲ್ಪ ಹೊತ್ತಿಗೆ ಹೊರಗೆ ಕಬ್ಬಿಣ ಉಜ್ಜಿದ ಸದ್ದಾಯಿತು. ಆಮೇಲೆ ಆ ಕೈ, ಆ ಬಾಗಿಲು.

ಪಕ್ಕದ ಗೋಡೆಗೆ ಒರಗಿಸಿ ಸೌದೆ ಒಟ್ಟಿದ್ದೆವು. ಅದಕ್ಕೆ ಬೆಂಕಿ ಬಿದ್ದದ್ದು ಮೊದಲು ವಾಸನೆಯಲ್ಲಿ ತಿಳಿಯಿತು. ಮಾಡಿನ ಸಂದಿಯಿಂದ ಹೊಗೆ ಇಳಿಯತೊಡಗಿತು. ಬಾಗಿಲ ಆಚೆ ಒಬ್ಬ, "ಮೇಷ್ಟ್ರಮ್ಮ ಒಳಗವ್ರೆ ಕಣಣ್ಣ" ಅಂದ. ಅದಕ್ಕೆ ಬಂದ ಉತ್ತರವನ್ನು ನಾನು ಇಂದಿಗೂ ಅದೇ ದನಿಯಲ್ಲಿ ಕೇಳುತ್ತೇನೆ.

"ಅವ್ಳೂ ತಿಂದವ್ಳೆ ಬುಡ್ಲಾ. ಮೊಟ್ಟೆ ಬೇಯಿಸ್ದೋಳು ತಾನೂ ಬೇಯ್ಲಿ."

ದಿನಾ ಬೆಳಿಗ್ಗೆ "ನಮಸ್ಕಾರ ಮೇಷ್ಟ್ರಮ್ಮಾ" ಅನ್ನುತ್ತಿದ್ದ ದನಿ. ಮಿಠಾಯಿ ಸಾಹುಕಾರನದು.

ಬೇಕರಿಯಮ್ಮ ಕೂಗಲಿಲ್ಲ. ಬ್ರೆಡ್ಡು ಎಳೆಯುವ ಉದ್ದನೆಯ ಮರದ ಹುಟ್ಟನ್ನು ತೆಗೆದುಕೊಂಡು ಹಿಂದಿನ ಮಾಡಿನ ಹೆಂಚನ್ನು ಕೆಳಗಿನಿಂದ ತಿವಿದಳು. ಹೆಂಚು ನಮ್ಮ ಮೇಲೇ ಬಿದ್ದವು. ಮೈದಾ ಮೂಟೆಗಳ ಮೇಲೆ ನನ್ನನ್ನು ಹತ್ತಿಸಿ, ಹೆಗಲು ಕೊಟ್ಟು ಮೇಲಕ್ಕೆ ನೂಕಿದಳು. "ಓಗಮ್ಮಿ, ಇಂದ್ಕೆ ನೋಡ್ಬ್ಯಾಡ." ಅವಳ ದಪ್ಪ ಮೈ ಆ ಕಿಂಡಿಯಲ್ಲಿ ತೂರುವಂತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಾಡಿನಿಂದ ಜಾರಿ ಹಿತ್ತಲಿಗೆ ಬಿದ್ದು, ಕುಂಟುತ್ತಾ ಮುಂದಕ್ಕೆ ಓಡಿದೆ. ರಸ್ತೆಯಲ್ಲಿ ಒಬ್ಬರೂ ಇರಲಿಲ್ಲ. ಎದುರುಸಾಲಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಚಿಲಕ ಬಿಸಿಯಾಗಿತ್ತು. ಸೆರಗು ಸುತ್ತಿ ಎಳೆದೆ. ಹೊಗೆಯ ಜೊತೆಗೆ ಅವಳು ಹೊರಗೆ ಬಂದು ರಸ್ತೆಯ ಮೇಲೆ ಕೈಯೂರಿ ಕೆಮ್ಮಿದಳು. ಆಮೇಲೆ ತಲೆಯೆತ್ತಿ ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು. ಮಿಠಾಯಿ ಅಂಗಡಿಯ ಬಾಗಿಲ ಮೇಲೆ ಅವಳ ಕಣ್ಣು ನಿಂತಿತು.

"ದನಿ ಕೇಳ್ತಾ ಅಮ್ಮಿ?"

"ಕೇಳ್ತು."

"ಆ ಮಾತ್ನೇ ಅವ್ನ್ ಬಾಯಲ್ಲಿ, ಇದೇ ಬಾಗ್ಲಲ್ಲಿ, ಊರು ಕೇಳಂಗೆ ಏಳಿಸ್ತೀನಿ. ಅಲ್ಲೀಗಂಟ ನಂಗೆ ನಿದ್ದೆ ಬ್ಯಾಡ."

ಬೆಂಕಿ ಗೋಡೆ ದಾಟಲಿಲ್ಲ, ಸೌದೆ ಉರಿದು ಮುಗಿದ ಮೇಲೆ ತಾನೇ ಆರಿತು. ಪೊಲೀಸರು ಬಂದರು. "ಮುಖ ನೋಡಿದ್ರಾ?" ಎಂದು ಕೇಳಿದರು. ದನಿ ಕೇಳಿದೆ ಅಂದೆ. ಬರೆದುಕೊಂಡರು. ಬರೀ ದನಿಯ ಮೇಲೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ ಅಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬೇಕು.

ನಾವು ಹಾರೆಯಿಂದ ಮೀಟಿ ಹೊರಗಿನ ಚಿಲಕವನ್ನು ಕಿತ್ತೆವು. ಆದರೂ ನಿದ್ದೆ ಬರಲಿಲ್ಲ. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ಕೂತಿರುವುದು. ನನಗಂತೂ ಕಣ್ಣು ಮುಚ್ಚಿದ ಕೂಡಲೇ ಮೂಗಿಗೆ ಹುಣಸೆ ಸೌದೆಯ ಹೊಗೆ ಬರುತ್ತಿತ್ತು. ನಾನು ಗಾಂಧಿಯ ಬಗ್ಗೆ ಪಾಠ ಹೇಳುತ್ತಿದ್ದವಳು. ಪಾಠ ಹೇಳುತ್ತಲೇ, ಆ ಮನುಷ್ಯನನ್ನು ಅವನ ಖೋವಾ ಬಾಣಲೆಯಲ್ಲೇ ಅದ್ದುವುದನ್ನು ಮನಸ್ಸಿನಲ್ಲಿ ನಡೆಸುತ್ತಿದ್ದೆ.

ಮೂರನೆಯ ದಿನ ಗೌಡ್ತಿಯ ಗಾಡಿ ಬಂತು. ಅವರು ಇಳಿದು ಕರಿದಾದ ಗೋಡೆ ನೋಡಿದರು, ಮಾಡಿನ ತೂತು ನೋಡಿದರು. ನಾನು ಕೇಳಿದ ಮಾತನ್ನು ಎರಡು ಸಲ ಹೇಳಿಸಿದರು.

"ನಾನು ಬಾಯಿಗಿಟ್ಟ ತುತ್ತ ಮೈಲಿಗೆ ಅಂದ್ನಾ?" ಅಂದರು. "ಸರಿ. ನಾನು ಆಲು ಬುಟ್ಟಿವ್ನಿ. ಅವ್ನೂ ಬುಡ್ಲಿ."

ಮರುದಿನದಿಂದ ಹಂಗಳದ ಹಾಲು ಗುಂಡ್ಲುಪೇಟೆಯ ಮನೆಮನೆಗೂ ಬಂತು, ಹೋಟೆಲಿಗೂ ಬಂತು. ಮಿಠಾಯಿ ಅಂಗಡಿಗೆ ಮಾತ್ರ ಬರಲಿಲ್ಲ. ಸುತ್ತಲ ಹಳ್ಳಿಗಳಲ್ಲೂ ಗೌಡ್ತಿಯ ನೆಂಟರೇ. ವಯನಾಡು ದಾರಿಯ ಮದ್ದೂರಿನ ಕಾಡಂಚಿನ ಹಟ್ಟಿಯವರವರೆಗೂ ಮಾತು ಮುಟ್ಟಿತು. ಹಾಲಿಲ್ಲ, ಮೊಸರಿಲ್ಲ, ತುಪ್ಪವಿಲ್ಲ. ದಸರಾ ಹತ್ತಿರವಿತ್ತು. ಅವನ ಬಾಣಲೆ ಬೋರಲು ಬಿದ್ದಿತ್ತು.

ಅವನೂ ತೆಂಗಿನಹಾಲು ಕುದಿಸಿದ. ಅದು ಒಡೆಯಿತು. ಕಡಲೆಕಾಯಿ ಎಣ್ಣೆಯಲ್ಲಿ ಮೈಸೂರುಪಾಕು ಮಾಡಿದ. ಎರಡೇ ದಿನಕ್ಕೆ ಕಮಟು ನಾತ. ಬೀದಿಗೆ ಸುರಿದಾಗ ನಾಯಿಗಳೂ ಮೂಸಿ ಬಿಟ್ಟವು. ಬೇಕರಿಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬಾಣ್ಲೆಗೆ ಅಳೋಕೆ ಬಂದಿದ್ರೆ ಅತ್ತಿರೋದು" ಅಂದಳು. ನನಗೆ ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ನಗು ಬಂತು.

ದಸರಾ ಕಳೆದ ಮೇಲೆ ಅವನು ನಮ್ಮ ಬಾಗಿಲಿಗೆ ಬಂದ.

"ಏನವ್ವಾ, ಚೆನ್ನಾಗಿದ್ದೀಯಾ?"

"ಬೆಂದಿಲ್ಲ ನೋಡು ಇನ್ನೂ."

ಅವನು ನೆಲ ನೋಡಿದ. "ಆಲಿಲ್ದೆ ಮಾಡೋದು ಎಂಗೆ ಅಂತ ಒಂದೀಟು ತೋರ್ಸು. ಎಂಡ್ರು ಮಕ್ಳು ಅವ್ರೆ. ಮಾಡ್ಗೆ ಎಂಚು ನಾನೇ ಒದಿಸ್ಕೊಡ್ತೀನಿ."

"ಎಂಚು ಒದ್ಸೋಕೆ ನಂಗೂ ಬತ್ತದೆ. ಚಿಪ್ಪು ಸುರ್ದೋನು ನಾನು, ಚಿಲಕ ಆಕ್ದೋನು ನಾನು ಅಂತ ಸಂತೆ ದಿನ ಈ ಬಾಗ್ಲಲ್ಲಿ ನಿಂತ್ಕೊಂಡು ಏಳು. ಅವತ್ತು ಅಂದ ಮಾತ್ನೂ ಅನ್ನು."

"ಗುಟ್ಟಾಗಿ ಕಾಲಿಗೆ ಬೀಳ್ತೀನಿ ಕಣವ್ವಾ."

"ಕಾಲು ನೋಯ್ತದೆ ನಂಗೆ" ಎಂದು ಒಳಗೆ ಬಂದಳು.

ಅವನು ಗೌಡ್ತಿಯ ಬಳಿಗೂ ಹೋದ. ಗೌಡ್ತಿ ಬೇಕರಿಯಮ್ಮನಿಗೆ ಹೇಳಿ ಕಳಿಸಿದರು: ಅವನ ಮಕ್ಕಳ ಮುಖ ನೋಡಿ ಸಾಕು ಮಾಡಬಹುದಲ್ಲ, ಆದರೆ ಬೆಂದವಳು ನೀನು, ಹಾಲು ಬಿಡುವುದೂ ಬಿಡದಿರುವುದೂ ನಿನ್ನ ಮಾತು. ಬೇಕರಿಯಮ್ಮ ಒಲೆಗೆ ಇನ್ನೊಂದು ಕೊರಡು ತಳ್ಳಿದಳು.

ಕಡೆಗೆ ಅವನು ನನ್ನ ಶಾಲೆಯ ಗೇಟಿಗೆ ಬಂದ. "ನೀವು ಓದಿದೋರು. ಆ ಮುದುಕೀಗೆ ಬುದ್ಧಿ ಏಳಿ ಮೇಷ್ಟ್ರಮ್ಮಾ. ಆ ಮಾತಂದ್ರೆ ಈ ಊರಲ್ಲಿ ನಾನೆಂಗೆ ಬಾಳೋದು?" ಅಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹೆದರಿಕೆಯಲ್ಲಿ ಮನುಷ್ಯನ ಮುಖ ಹೇಗಿರುತ್ತದೆ ಎಂದು ನಾನು ನಿಧಾನವಾಗಿ ನೋಡಿದೆ. ಅವ್ವ ಬಾಗಿಲು ತಳ್ಳುತ್ತಿದ್ದಾಗ ನನ್ನ ಮುಖವೂ ಹಾಗೇ ಇದ್ದಿರಬೇಕು.

"ಅವತ್ತು ಎಷ್ಟು ಜೋರಾಗಿ ಹೇಳಿದ್ರೋ ಅಷ್ಟೇ ಜೋರಾಗಿ ಹೇಳಿ. ಅದಕ್ಕಿಂತ ಹೆಚ್ಚು ಬೇಡ" ಅಂದು ತರಗತಿಗೆ ಹೋದೆ.

ಇದನ್ನೆಲ್ಲ ಓದುವವರಿಗೆ ನಾನು ಕಲ್ಲೆದೆಯವಳಾಗಿ ಕಾಣಬಹುದು. ಕಾಣಲಿ. ನನಗೆ ಚಾಮರಾಜನಗರಕ್ಕೆ ವರ್ಗವಾದಾಗ ಬೇಕರಿಯಮ್ಮನೂ ಒಲೆ ಮುಚ್ಚಿ ನನ್ನ ಜೊತೆ ಬಂದಳು. ಅಲ್ಲಿ ಹೊಸ ಒಲೆ ಕಟ್ಟಿದಳು. ನನಗೆ ಮದುವೆಯಾಗಿ ಮಕ್ಕಳಾದ ಮೇಲೆ ಹಾಲಿಲ್ಲದ, ಮೊಟ್ಟೆಯಿಲ್ಲದ ಕೇಕನ್ನು ಅವರ ಪ್ರತಿಯೊಂದು ಹುಟ್ಟುಹಬ್ಬಕ್ಕೂ ಮಾಡಿದಳು. ನನ್ನ ಮನೆಯಲ್ಲೇ ತೀರಿಕೊಂಡಳು. ಅವತ್ತು ಆ ಸಾಹುಕಾರ ಬಸ್ಸಿನಲ್ಲಿ ಹಾರ ಹಿಡಿದು ಬಂದಿದ್ದ. ತುಂಬ ಮುದುಕನಾಗಿದ್ದ. ನಾನು ಅವನನ್ನು ಒಳಗೆ ಬಿಡಲಿಲ್ಲ. ಅವಳಿದ್ದಿದ್ದರೂ ಬಿಡುತ್ತಿರಲಿಲ್ಲ. ಹೆಗಲು ಕೊಟ್ಟು ನನ್ನನ್ನು ಬೆಳಕಿಗೆ ನೂಕಿ, ತಾನು ಹೊಗೆಯಲ್ಲಿ ಉಳಿದವಳ ಋಣವನ್ನು ನಾನು ಕ್ಷಮೆಯಿಂದ ತೀರಿಸುವ ಹಾಗಿರಲಿಲ್ಲ.

ಕಡೆಗೂ ಅವನು ಆ ಮಾತು ಹೇಳಿದ. ಅದೇ ವರ್ಷ, ದೀಪಾವಳಿಗೆ ಮುಂಚಿನ ಸಂತೆಯ ದಿನ, ಬಿಸಿಲೇರಿದ ಹೊತ್ತಿಗೆ. ರಸ್ತೆಯಲ್ಲಿ ಎತ್ತಿನ ಗಾಡಿಗಳು, ಕುಂಬಳ, ಎಲೆಯ ಹೊರೆ, ಹತ್ತೂರಿನ ಜನ. ಗೌಡ್ತಿ ಗಾಡಿಯಲ್ಲೇ ಕೂತಿದ್ದರು. ಅವನು ನಮ್ಮ ಬಾಗಿಲ ಮುಂದೆ ಬಂದು ಏನೋ ಗೊಣಗಿದ.

"ಕೇಳಿಸ್ನಿಲ್ಲ" ಅಂದಳು ಬೇಕರಿಯಮ್ಮ.

ಅವನು ಚಿಪ್ಪಿನ ಮಾತು ಹೇಳಿದ. ಚಿಲಕದ ಮಾತು ಹೇಳಿದ. ಜನ ಹೊರೆ ಇಳಿಸಿ ನಿಂತರು. ಅವತ್ತು ಕಲ್ಲು ಎಸೆದವರು ಕೆಲವರು ಅಲ್ಲೇ ಇದ್ದರು. ತಲೆ ತಗ್ಗಿಸಿದರು.

"ಇನ್ನೊಂದು ಮಾತು ಬಾಕಿ ಅದೆ."

"ಅವ್ವಾ..."

"ನನ್ನನ್ನಲ್ಲ. ಮೇಷ್ಟ್ರಮ್ಮನ್ನ ನೋಡ್ಕೊಂಡು ಅನ್ನು."

ಅವನು ನನ್ನ ಕಡೆ ತಿರುಗಿದ. "ಅವ್ಳೂ ತಿಂದವ್ಳೆ ಬುಡ್ಲಾ ಅಂದೆ. ಮೊಟ್ಟೆ ಬೇಯಿಸ್ದೋಳು ತಾನೂ ಬೇಯ್ಲಿ ಅಂದೆ" ಅಂದ. ಈ ಸಲ ಇಡೀ ರಸ್ತೆಗೆ ಕೇಳಿಸಿತು. ಅವನ ಹೆಂಡತಿ ಅಂಗಡಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಬ್ಬ ಮುದುಕ ಅವನ ಮುಂದೆ ಉಗುಳಿ, ಹೊರೆ ಎತ್ತಿಕೊಂಡು ನಡೆದ.

ಗೌಡ್ತಿ ಗಾಡಿಯಿಂದ ಕೇಳಿದರು. "ಆಯ್ತಲ್ಲ ಕಣವ್ವಾ. ನಾಳೆಯಿಂದ ಆಲು ಬುಡ್ಲಾ ಅವ್ನಿಗೆ?"

ಅವನು ಆಸೆಯಿಂದ ತಲೆಯೆತ್ತಿದ. ವರ್ಷದ ಸಂಪಾದನೆಯೆಲ್ಲ ಆ ಒಂದು ವಾರದಲ್ಲಿತ್ತು. ಬೇಕರಿಯಮ್ಮ ಅವನನ್ನು, ಬ್ರೆಡ್ಡು ತಟ್ಟಿ ಕಿವಿಯಿಟ್ಟು ಕೇಳುವಾಗಿನ ಗಮನದಲ್ಲಿ, ನೋಡಿದಳು.

"ದೀಪಾವಳಿ ಕಳೀಲಿ ಗೌಡ್ತಮ್ಮಾ. ಆಮ್ಯಾಕೆ ಬುಡಿ."

ರಾತ್ರಿ ಇಬ್ಬರೂ ಸಾರು ಅನ್ನ ಉಂಡೆವು. ಅವಳು ಎಲೆಅಡಿಕೆ ಹಾಕಿಕೊಳ್ಳುವುದನ್ನೂ ಮರೆತು ಮೈದಾ ಮೂಟೆಗೆ ಒರಗಿದಳು. ಇವತ್ತು ಮೊದಲು ಕೂತಿರುವ ಸರದಿ ನನ್ನದು ಎಂದು ನೆನಪಿಸೋಣ ಅಂದುಕೊಂಡೆ. ಅಷ್ಟು ಮಾತ್ರ ನೆನಪಿದೆ.

ಎಚ್ಚರವಾದಾಗ ಬಿಸಿಲು ಕಾಲ ಮೇಲಿತ್ತು. ಬೆಳಗಿನ ಬ್ರೆಡ್ಡಿಗೆ ಬಂದವರು ಹೊರಗೆ ಬಾಗಿಲು ತಟ್ಟುತ್ತಿದ್ದರು. ಅವಳು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ನಾನು ಎದ್ದು ಬಾಗಿಲನ್ನು ಸ್ವಲ್ಪವೇ ತೆರೆದೆ.

"ಇವತ್ತು ಬ್ರೆಡ್ಡಿಲ್ಲ, ನಾಳೆ ಬನ್ನಿ" ಅಂದೆ. "ಅವ್ವ ಮಲಗಿದ್ದಾಳೆ."